ಗೋಮುಖ–ತಪೋವನ ಪ್ಲಾನ್: ಸಹ್ಯಾದ್ರಿ ಹತ್ತಿದ ಕಾಲು ಸಾಕಾ? ರಜಾ ಸಾಲ್ತಿಲ್ಲ ಅಂತ ರೆಸ್ಟ್ ಡೇ ತೆಗೀಬಹುದಾ?

ಠಾಣೆ_ಟ್ರೆಕ್ಕರ್:
ಎಲ್ರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾ ಕಡೆ ಇರೋ ನಮ್ಮವರಲ್ಲಿ ಹಿಮಾಲಯದ ಗ್ಲೇಸಿಯರ್ (ಹಿಮನದಿ) ಕಡೆ ಹೋಗಿ ಬಂದೋರು ತುಂಬ ಜನ ಇದೀರ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ. ನಾವು ಆರು ಜನ, ಠಾಣೆ, ಪುಣೆ, ವಾಸ್ಕೋ ಮೂರೂ ಕಡೆಯವ್ರು ಸೇರಿದೀವಿ, ವಯಸ್ಸು ಮೂವತ್ತರಿಂದ ನಲವತ್ತೆಂಟರ ತನಕ. ಮಳೆಗಾಲ ಮುಗೀತಿದ್ದ ಹಾಗೆ ಸೆಪ್ಟೆಂಬರ್ ಕೊನೇಲಿ ಗೋಮುಖ (ಗಂಗೋತ್ರಿ ಗ್ಲೇಸಿಯರ್ ಮುಗಿದು ಭಾಗೀರಥಿ ಹೊರಡೋ ಜಾಗ) ಮತ್ತು ಅದರ ಮೇಲಿನ ತಪೋವನ ಅಂತ ತೀರ್ಮಾನ ಆಗಿದೆ. ಪ್ಲಾನ್ ಹೀಗಿದೆ: ಶನಿವಾರ ಬೆಳಗ್ಗೆ ಡೆಹ್ರಾಡೂನ್ ಫ್ಲೈಟ್, ರಾತ್ರಿ ಉತ್ತರಕಾಶಿ, ಭಾನುವಾರ ಗಂಗೋತ್ರಿ, ಸೋಮವಾರ ಭೋಜ್‌ಬಾಸಾ, ಮಂಗಳವಾರ ಗೋಮುಖ ನೋಡ್ಕೊಂಡು ತಪೋವನದಲ್ಲಿ ಟೆಂಟ್, ಬುಧವಾರ ಅಲ್ಲಿಂದ ಇಳಿಯೋದು. ಮೊದಲು ಗಂಗೋತ್ರಿಯಲ್ಲಿ ಒಂದು ದಿನ ಸುಮ್ನೆ ಇರೋದು ಅಂತ ಇತ್ತು, ಆಫೀಸ್ ರಜಾ ಸಾಲ್ತಿಲ್ಲ ಅಂತ ನಮ್ಮಲ್ಲೇ ಮೂರು ಜನ ಅದನ್ನ ತೆಗೆದುಬಿಡೋಣ ಅಂತಿದಾರೆ. ಅವರ ವಾದ ಏನಂದ್ರೆ ನಾವೆಲ್ಲ ವೀಕೆಂಡ್ ಬಂದ್ರೆ ಹರಿಶ್ಚಂದ್ರಗಡ, ರಾಜಗಡ, ತೋರಣಾ ಅಂತ ಹತ್ತೋರು, ಕಾಲು ಗಟ್ಟಿ ಇದೆ, ಸುಮ್ನೆ ಕೂತು ದಿನ ಯಾಕೆ ಹಾಳು ಮಾಡೋದು ಅಂತ. ನನಗೆ ಮನಸ್ಸು ಒಪ್ತಿಲ್ಲ ಆದ್ರೆ ಸರಿಯಾಗಿ ವಾದ ಮಾಡೋಕೆ ವಿಷಯ ಗೊತ್ತಿಲ್ಲ. ಇನ್ನೊಂದು, ಇದು ಚೆನ್ನಾಗಾದ್ರೆ ಮುಂದಿನ ವರ್ಷ ಆಡೆನ್ಸ್ ಕೋಲ್ ಅಥವಾ ಕಾಲಿಂದಿ ಖಾಲ್ ಅನ್ನೋ ಇನ್ನೂ ಎತ್ತರದ ಪಾಸ್ ದಾಟೋದು ಅಂತಾನೂ ಮಾತಾಡ್ತಿದಾರೆ. ದೇಹಕ್ಕೆ ನಿಜವಾಗ್ಲೂ ಏನಾಗುತ್ತೆ, ಗ್ಲೇಸಿಯರ್ ಮೇಲೆ ಅಪಾಯ ಎಲ್ಲೆಲ್ಲಿ, ಬಿಡಿಸಿ ಹೇಳ್ತೀರಾ?

ಸಿಂಹಗಡ_ಸಂಡೇ:
ನಮಸ್ಕಾರ್ರಿ. ಮೊದಲ ಒಂದು ಮಾತು ನೆಟ್ಟಗ ಹೇಳಿಬಿಡ್ತೀನಿ, ಆ ರೆಸ್ಟ್ ಡೇ ತಗೀಬ್ಯಾಡ್ರಿ. ಆಗೋದಾದ್ರ ಇನ್ನೊಂದು ಕೂಡಿಸ್ರಿ. ನಾ ಪುಣೆದಾಗ ಇರಾಂವ, ಊರು ಧಾರವಾಡ ಕಡೆ, ಅತ್ಕರ್‌ವಾಡಿ ದಾರಿಯಿಂದ ಸಿಂಹಗಡ ಹತ್ತೋದು ನನಗೂ ರವಿವಾರದ ರೂಢಿ. ಸಹ್ಯಾದ್ರಿಯೊಳಗ ತಯಾರಾದ ಕಾಲಿಗೆ ನಾ ಕಡಿಮಿ ಹೇಳಂಗಿಲ್ಲ, ನಮ್ಮ ಘಾಟಿನ ಜಾರು ಬಂಡಿ, ಮಳಿಯೊಳಗಿನ ಇಳಿಜಾರು ನಡದವ್ರಿಗೆ ಕಾಲು ಎಲ್ಲಿ ಇಡಬೇಕು ಅನ್ನೋದು ತಾನ ಗೊತ್ತಾಗತದ. ಆದ್ರ ಎತ್ತರದ ಲೆಕ್ಕಾನ ಬ್ಯಾರೆ. ಕಳಸೂಬಾಯಿ 1,646 ಮೀಟರ್, ಇಡೀ ಮಹಾರಾಷ್ಟ್ರದಾಗ ಅದಕ್ಕಿಂತ ಎತ್ತರ ಇಲ್ಲ. ಗಂಗೋತ್ರಿ ಊರ 3,100 ಮೀಟರ್ ಮ್ಯಾಲೆ ಐತಿ, ಅಂದ್ರ ನೀವು ಗಾಡಿಯಿಂದ ಇಳಿಯೋ ಜಾಗಾನ ಕಳಸೂಬಾಯಿಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಮ್ಯಾಲೆ. ಅಲ್ಲಿಂದ ಭೋಜ್‌ಬಾಸಾ 14 ಕಿಲೋಮೀಟರ್, ಸುಮಾರು 3,800. ತಪೋವನ ಸುಮಾರು 4,400. ನಿಮ್ಮ ಪ್ಲಾನಿನಾಗ ಮಲಗೋ ಜಾಗ ಒಂದ ರಾತ್ರಿಗೆ 700 ಮೀಟರ್, ಮರುದಿನ ಮತ್ತ 600 ಮೀಟರ್ ಏರತದ. 3,000 ಮೀಟರ್ ದಾಟಿದ ಮ್ಯಾಲೆ ಮಲಗೋ ಎತ್ತರ ದಿನಕ್ಕ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದ ಎತ್ತರದಾಗ ಇನ್ನೊಂದು ರಾತ್ರಿ ಇರಬೇಕು ಅಂತ ಪರ್ವತದ ವೈದ್ಯಕೀಯ ಓದಿದವರೆಲ್ಲ ಹೇಳ್ತಾರ. ನೀವು ಎರಡೂ ದಿನ ಆ ಗೆರಿ ದಾಟತೀರಿ, ಮ್ಯಾಲೆ ಆ ಒಂದು ದಿನಾನೂ ಕಿತ್ತು ಹಾಕತೀರಿ. ಗಂಗೋತ್ರಿಯೊಳಗ ಎರಡು ರಾತ್ರಿ, ಭೋಜ್‌ಬಾಸಾದಾಗ ಎರಡು ರಾತ್ರಿ, ಆಮ್ಯಾಲೆ ತಪೋವನ. ಇದಕ್ಕ ರಜಾ ಸಿಗಲಿಲ್ಲ ಅಂದ್ರ ಗೋಮುಖ ಅಷ್ಟ ನೋಡಿ ಬರ್ರಿ, ಅದೂ ಭಾಳ ದೊಡ್ಡ ದರ್ಶನ.

ವೈದ್ಯೆ_ಔಂಧ್:
ಮೇಲಿನವರು ಹೇಳಿದ್ದಕ್ಕೆ ಕಾರಣ ನಾನು ಸೇರಿಸ್ತೀನಿ, ಯಾಕಂದ್ರೆ "ರೂಲ್ಸ್ ಹೀಗಿದೆ" ಅಂದ್ರೆ ನಿಮ್ಮ ಆ ಮೂರು ಜನ ಒಪ್ಪಲ್ಲ. ಗಾಳಿಯಲ್ಲಿ ಆಕ್ಸಿಜನ್ ಪಾಲು ಎಲ್ಲಾ ಕಡೆ ಸುಮಾರು 21 ಪರ್ಸೆಂಟೇ, ಠಾಣೆಯಲ್ಲೂ ಅಷ್ಟೇ ತಪೋವನದಲ್ಲೂ ಅಷ್ಟೇ. ಕಮ್ಮಿ ಆಗೋದು ಗಾಳಿಯ ಒತ್ತಡ. 4,400 ಮೀಟರ್‌ನಲ್ಲಿ ಅದು ಸಮುದ್ರ ಮಟ್ಟದ ಶೇಕಡಾ 60ಕ್ಕಿಂತ ಸ್ವಲ್ಪ ಕಮ್ಮಿ, 5,500ರಲ್ಲಿ ಅರ್ಧ. ಅಂದ್ರೆ ಪ್ರತಿ ಉಸಿರಿಗೂ ಒಳಗೆ ಹೋಗೋ ಆಕ್ಸಿಜನ್ ಅಷ್ಟೇ ಕಮ್ಮಿ. ದೇಹ ಇದಕ್ಕೆ ಹೊಂದ್ಕೊಳ್ಳುತ್ತೆ, ಉಸಿರಾಟ ಜಾಸ್ತಿ ಮಾಡುತ್ತೆ, ಕಿಡ್ನಿ ಬೈಕಾರ್ಬೊನೇಟ್ ಹೊರಗೆ ಹಾಕಿ ಆ ಉಸಿರಾಟಕ್ಕೆ ಅವಕಾಶ ಮಾಡ್ಕೊಡುತ್ತೆ, ಆಮೇಲೆ ನಿಧಾನವಾಗಿ ಕೆಂಪು ರಕ್ತಕಣ ಹೆಚ್ಚಾಗುತ್ತೆ. ಇದೆಲ್ಲ ದಿನಗಳ ಕೆಲಸ, ಕೆಲವು ವಾರಗಳ ಕೆಲಸ. ಜಿಮ್‌ನಲ್ಲಿ, ಸಿಂಹಗಡದಲ್ಲಿ ಎಷ್ಟು ಬೆವರು ಸುರಿಸಿದ್ರೂ ಇದನ್ನ ಮುಂಚೆನೇ ಮಾಡಿಟ್ಕೊಳ್ಳೋಕೆ ಆಗಲ್ಲ. ಫಿಟ್ ಇರೋರಿಗೂ ಮೌಂಟನ್ ಸಿಕ್ನೆಸ್ ಬರುತ್ತೆ, ಇಪ್ಪತ್ತೈದರ ಹುಡುಗರಿಗೂ ಬರುತ್ತೆ. ನಾನಂತೂ ಫಿಟ್ ಹುಡುಗರ ಬಗ್ಗೆನೇ ಹೆಚ್ಚು ಹೆದರ್ತೀನಿ, ಅವರು ಬೇಗ ಬೇಗ ಹತ್ತಿ ಹೋಗ್ಬಿಡ್ತಾರೆ, ತಲೆನೋವು ಬಂದ್ರೆ ಬಾಯಿ ಬಿಡಲ್ಲ.

ನಮ್ಮ ಸೈನ್ಯದ ಕಡೆ ನೋಡಿ. 1962ರ ಯುದ್ಧದಲ್ಲಿ ಬಯಲಿನಿಂದ ನೇರ ಎತ್ತರಕ್ಕೆ ಕಳಿಸಿದ ಸೈನಿಕರಲ್ಲಿ ಈ ಕಾಯಿಲೆ ಬಹಳ ಕಂಡಿತು, ಆಮೇಲೆ ನಮ್ಮದೇ ಸೈನ್ಯದ ಡಾಕ್ಟರ್‌ಗಳು 1,925 ಸೈನಿಕರನ್ನ ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದ್ರು, ಇವತ್ತಿಗೂ ಜಗತ್ತಲ್ಲೆಲ್ಲಾ ಅದನ್ನ ಓದ್ತಾರೆ. ಇವತ್ತು ಸೈನ್ಯದಲ್ಲಿ 9,000ದಿಂದ 12,000 ಅಡಿ ಎತ್ತರದಲ್ಲಿ ಆರು ದಿನ, 15,000 ಅಡಿ ತನಕ ಹೋಗೋಕೆ ಇನ್ನೂ ನಾಲ್ಕು ದಿನ, ಅದಕ್ಕಿಂತ ಮೇಲೆ ಮತ್ತೆ ನಾಲ್ಕು ದಿನ ಹೊಂದಾಣಿಕೆಗೆ ಅಂತಾನೇ ಇಡ್ತಾರೆ. ದಿನಾ ಓಡಿ ತಯಾರಾದ ಜವಾನನಿಗೇ ಇಷ್ಟು ಕೊಡ್ತಾರೆ ಅಂದ್ರೆ ನಾವು ಲೋಕಲ್ ಟ್ರೇನಲ್ಲಿ ಓಡಾಡೋರು ಒಂದು ದಿನಕ್ಕೆ ಜಿಪುಣತನ ಮಾಡೋದು ಸರಿಯಾ?

ಲಕ್ಷಣಗಳು ಎಲ್ರಿಗೂ ಬಾಯಿಪಾಠ ಇರ್ಲಿ. ತಲೆನೋವು, ಜೊತೆಗೆ ವಾಕರಿಕೆ ಅಥವಾ ವಿಪರೀತ ಸುಸ್ತು ಅಥವಾ ತಲೆಸುತ್ತು ಇದ್ರೆ ಅದು ಎಎಂಎಸ್, ಅಂದ್ರೆ ಮೌಂಟನ್ ಸಿಕ್ನೆಸ್ ಅಂತಾನೇ ಅಂದ್ಕೊಳ್ಳಿ, "ಬಿಸಿಲಿಗೆ ಇರ್ಬೇಕು, ಊಟ ಸರಿ ಆಗಿಲ್ಲ" ಅನ್ನೋ ಸಮಾಧಾನ ಬೇಡ. ಕಡಿಮೆ ಆಗೋ ತನಕ ಮೇಲೆ ಹತ್ತಬೇಡಿ, ಹೆಚ್ಚಾದ್ರೆ ಇಳೀರಿ. ಮೆದುಳಿಗೆ ನೀರು ತುಂಬಿಕೊಂಡ್ರೆ ನಡಿಗೆ ತೂರಾಡುತ್ತೆ, ಮಾತು ತಡವರಿಸುತ್ತೆ. ಅನುಮಾನ ಬಂದ್ರೆ ನೆಟ್ಟಗಿನ ಗೆರೆ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಸಿ ನೋಡಿ, ಆಗ್ತಿಲ್ಲ ಅಂದ್ರೆ ಅದು ಎಮರ್ಜೆನ್ಸಿ. ಶ್ವಾಸಕೋಶಕ್ಕೆ ಬಂದ್ರೆ ಸುಮ್ನೆ ಕೂತಾಗಲೂ ಏದುಸಿರು, ಕೆಮ್ಮು, ಆಮೇಲೆ ಗುಲಾಬಿ ಬಣ್ಣದ ನೊರೆ ಕಫ. ಇದು ಹೆಚ್ಚಾಗಿ ಎತ್ತರಕ್ಕೆ ಹೋದ ಎರಡನೇ ರಾತ್ರಿಯಿಂದ ನಾಲ್ಕನೇ ರಾತ್ರಿ ಒಳಗೆ ಶುರು ಆಗೋದು, ನಿಮ್ಮ ಪ್ಲಾನಲ್ಲಿ ಲೆಕ್ಕ ಹಾಕಿ ನೋಡಿ, ತಪೋವನದ ರಾತ್ರಿ ಅಲ್ಲೇ ಬೀಳುತ್ತೆ. ಎರಡಕ್ಕೂ ಮುಖ್ಯ ಚಿಕಿತ್ಸೆ ಇಳಿಯೋದು, ರಾತ್ರಿ ಆಗಿದ್ರೂ ಸರಿ ದಾರಿ ಸುರಕ್ಷಿತ ಇದ್ರೆ ಇಳಿಸ್ಬೇಕು. ಆಕ್ಸಿಜನ್ ಸಿಲಿಂಡರ್, ಡೆಕ್ಸಾಮೆಥಾಸೋನ್, ನಿಫೆಡಿಪಿನ್ ಔಷಧಿ ಇವೆಲ್ಲ ಇಳಿಸೋ ತನಕ ಜೀವ ಹಿಡಿದಿಡೋಕೆ.

ಅಂಧೇರಿ_ಐಟಿ:
ಸ್ವಲ್ಪ ಬೇರೆ ಅಭಿಪ್ರಾಯ ಹೇಳ್ಲಾ. ನಾನು ಮುಂಬೈನಿಂದ ನೇರ ಲೇಹ್‌ಗೆ ಫ್ಲೈಟಲ್ಲಿ ಇಳಿದಿದೀನಿ, 3,500 ಮೀಟರ್, ಮರುದಿನಾನೇ ತಿರುಗಾಡಿದೀನಿ, ಏನೂ ಆಗಿಲ್ಲ. ಗೋಮುಖಕ್ಕೆ ವರ್ಷಾವರ್ಷ ಎಷ್ಟೋ ವಯಸ್ಸಾದ ಯಾತ್ರಿಗಳು ಹೋಗ್ತಾರೆ, ಚಪ್ಪಲಿಯಲ್ಲಿ ಹೋಗೋ ಸಾಧುಗಳನ್ನ ನೋಡಿದೀನಿ. ಇಲ್ಲಿ ಓದಿದ್ರೆ ಯಾರೂ ಮನೆ ಬಿಟ್ಟು ಹೊರಡಲ್ಲ. ಮೌಂಟನ್ ಸಿಕ್ನೆಸ್‌ಗೆ ಕೊಡೋ ಡೈಮಾಕ್ಸ್ ಮಾತ್ರೆ ತಗೊಂಡು, ನೀರು ಚೆನ್ನಾಗಿ ಕುಡಿದು, ನಿಧಾನ ನಡೆದ್ರೆ ಒಂದು ದಿನ ಕಮ್ಮಿ ಆದ್ರೂ ನಡೆಯುತ್ತೆ ಅನ್ನೋದು ನನ್ನ ಭಾವನೆ. ರಜಾ ಸಿಗೋದು ಎಷ್ಟು ಕಷ್ಟ ಅಂತ ಖಾಸಗಿ ಕಂಪನಿಯಲ್ಲಿ ಇರೋರಿಗೆ ಗೊತ್ತು.

ವೈದ್ಯೆ_ಔಂಧ್:
ನಿಮ್ಮ ಅನುಭವಕ್ಕೆ ಬೆಲೆ ಇದೆ ಸರ್, ಹಿಂದೆ ಎತ್ತರದಲ್ಲಿ ಹೇಗಿತ್ತು ಅನ್ನೋದನ್ನ ನಾವೂ ಮೊದಲು ಕೇಳ್ತೀವಿ. ಆದ್ರೆ ಅದು ಅದೇ ಎತ್ತರಕ್ಕೆ, ಅದೇ ವೇಗಕ್ಕೆ ಮಾತ್ರ ಸಾಕ್ಷಿ. ಲೇಹ್‌ನಲ್ಲಿ ತಿರುಗಾಡೋದಕ್ಕೂ ಅದಕ್ಕಿಂತ 900 ಮೀಟರ್ ಮೇಲೆ ಬ್ಯಾಗ್ ಹೊತ್ತು ಹತ್ತಿ ಹೋಗಿ ಟೆಂಟಲ್ಲಿ ಮಲಗೋದಕ್ಕೂ ಅಂತರ ಇದೆ. ಯಾತ್ರಿಗಳಲ್ಲಿ ಹೆಚ್ಚಿನವರು ಗೋಮುಖ ನೋಡಿ ಇಳಿದುಬಿಡ್ತಾರೆ, ಅಲ್ಲೇ ವರ್ಷಗಟ್ಲೆ ಇರೋ ಸಾಧುಗಳ ದೇಹ ಹೊಂದ್ಕೊಂಡಿರುತ್ತೆ. ಡೈಮಾಕ್ಸ್ ಬಗ್ಗೆ: ತಡೆಗಟ್ಟೋಕೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಹತ್ತೋಕೆ ಒಂದು ದಿನ ಮುಂಚೆ ಶುರು ಮಾಡ್ತಾರೆ, ಅದು ದೇಹದ ಹೊಂದಾಣಿಕೆಯನ್ನ ಸ್ವಲ್ಪ ಬೇಗ ಮಾಡಿಸುತ್ತೆ. ದಿನಗಳ ಬದಲಿಗೆ ಬರೋ ಮಾತ್ರೆ ಅಲ್ಲ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇರೋರು ನಿಮ್ಮ ಡಾಕ್ಟರ್ ಕೇಳದೆ ಮುಟ್ಟಬೇಡಿ. ಇಲ್ಲಿ ಮನೇಲಿ ಇರುವಾಗ್ಲೇ ಒಂದೆರಡು ದಿನ ತಗೊಂಡು ನೋಡಿ, ಬೆರಳು ಜುಂ ಅನ್ನೋದು, ಪದೇ ಪದೇ ಮೂತ್ರಕ್ಕೆ ಹೋಗ್ಬೇಕಾಗೋದು ಮಾಮೂಲಿ. ನೀರೂ ಅಷ್ಟೇ, ಬೇಕಾದಷ್ಟು ಕುಡೀರಿ, ಲೀಟರ್ ಲೆಕ್ಕದಲ್ಲಿ ಬಲವಂತವಾಗಿ ಕುಡಿದ್ರೆ ಸೋಡಿಯಂ ಇಳಿದು ಅದೇ ಬೇರೆ ತೊಂದರೆ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ರಾತ್ರಿ ಉಸಿರು ನಿಂತು ನಿಂತು ಬಂದ ಹಾಗಾಗಿ ಎಚ್ಚರ ಆಗುತ್ತೆ, ಅದಕ್ಕೆ ಗಾಬರಿ ಆಗಬೇಡಿ, ಎತ್ತರದಲ್ಲಿ ತುಂಬ ಜನಕ್ಕೆ ಹಾಗಾಗುತ್ತೆ.

ಹಗ್ಗ_ಮತ್ತು_ಹಿಮ:
ದೇಹದ ವಿಷಯ ಡಾಕ್ಟ್ರು ಹೇಳಿದ್ರು, ನಾನು ಗ್ಲೇಸಿಯರ್ ಬಗ್ಗೆ ಬರೀತೀನಿ. ಉತ್ತರಕಾಶಿಯ ನೆಹರೂ ಇನ್‌ಸ್ಟಿಟ್ಯೂಟ್‌ನಲ್ಲಿ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮಾಡಿದೀನಿ, ಈಗ ಪುಣೆಯಲ್ಲಿದೀನಿ.

ನಮ್ಮಲ್ಲಿ ಗ್ಲೇಸಿಯರ್ ಅಂದ್ರೆ ಬೆಳ್ಳಗೆ ಹೊಳೆಯೋ ಹಿಮ ಅಂತ ಎಲ್ರ ತಲೇಲೂ ಇರುತ್ತೆ. ಗಂಗೋತ್ರಿ ಗ್ಲೇಸಿಯರ್ ಸುಮಾರು 30 ಕಿಲೋಮೀಟರ್ ಉದ್ದ, ಕೆಳಗಿನ ಭಾಗದಲ್ಲಿ ನೀವು ನೋಡೋದು ಬೂದು ಬಣ್ಣದ ಕಲ್ಲು ಮಣ್ಣಿನ ರಾಶಿ, ಮನೆ ಕಟ್ಟೋ ಸೈಟಲ್ಲಿ ಲಾರಿಗಟ್ಲೆ ಜಲ್ಲಿ ಸುರಿದ ಹಾಗೆ. ಅದರ ಅಡಿಯಲ್ಲಿ ಐಸ್ ಇದೆ. ಆ ಐಸ್ ದಿನಾ ಕರಗ್ತಾ ಇರುತ್ತೆ, ಅಂದ್ರೆ ನೀವು ನಿಂತಿರೋ ಬಂಡೆ ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇಲ್ಲ, ಟಿವಿ ಗಾತ್ರದ ಕಲ್ಲು ಕೂಡ ಕಾಲಿಟ್ರೆ ತಿರುಗುತ್ತೆ. ಇಲ್ಲಿ ಸಹ್ಯಾದ್ರಿಯ ಅಭ್ಯಾಸ ಮೋಸ ಮಾಡೋದು, ಯಾಕಂದ್ರೆ ನಮ್ಮ ಬಸಾಲ್ಟ್ ಬಂಡೆ ಗಟ್ಟಿ, ಅದನ್ನ ನಂಬಿ ನಂಬಿ ಕಾಲಿಗೆ ರೂಢಿ ಆಗಿರುತ್ತೆ. ಈ ಕಲ್ಲು ಮಣ್ಣಿನ ರಾಶಿ, ಅಂದ್ರೆ ಮೊರೇನ್ ಮೇಲೆ ಅರ್ಧ ದಿನ ನಡೆದ್ರೆ ಪಾದದ ಗಂಟು, ಮಂಡಿ, ಸೊಂಟ ಮೂರೂ ಬಿದ್ದುಹೋಗುತ್ತೆ, ದೂರ ನೋಡಿದ್ರೆ ಬರೀ ನಾಲ್ಕೈದು ಕಿಲೋಮೀಟರ್. ಬಿಸಿಲೇರಿದ ಮೇಲೆ ಅಂಚಿನಲ್ಲಿ ಹಿಡ್ಕೊಂಡಿದ್ದ ಐಸ್ ಸಡಿಲ ಆಗಿ ಕಲ್ಲು ಉರುಳೋಕೆ ಶುರು. ತೊರೆಗಳು ಕೂಡ ಹಾಗೇ, ಬೆಳಗ್ಗೆ ಮೊಣಕಾಲು ತನಕ ಇದ್ದದ್ದು ಮಧ್ಯಾಹ್ನ ಮೂರಕ್ಕೆ ಸೊಂಟಕ್ಕೆ ಬರುತ್ತೆ, ರಾತ್ರಿ ಚಳಿಗೆ ಕರಗೋದು ನಿಂತು ಬೆಳಗಿನ ಜಾವ ಮತ್ತೆ ಇಳಿಯುತ್ತೆ. ಅದಕ್ಕೆ ದಾಟೋದೆಲ್ಲ ಬೆಳಗ್ಗೆ ಬೇಗ. ಆ ನೀರು ಆಗತಾನೇ ಕರಗಿದ್ದು, ಅದರಲ್ಲಿ ಬಿದ್ರೆ ಎರಡು ನಿಮಿಷದಲ್ಲಿ ಕೈ ಕೆಲಸ ಮಾಡಲ್ಲ. ದಾಟುವಾಗ ಬ್ಯಾಗಿನ ಸೊಂಟದ ಬಕಲ್ ಬಿಚ್ಚಿಡಿ, ಬಿದ್ರೆ ಬ್ಯಾಗ್ ಕಳಚ್ಕೊಂಡು ಏಳೋಕೆ ಆಗ್ಬೇಕು.

ಗೋಮುಖದ ಬಾಯಿ ಹತ್ರ ಹೋಗಲೇಬೇಡಿ. ಆ ಐಸ್ ಗೋಡೆಯಿಂದ ತುಂಡುಗಳು ಕಳಚಿ ಬೀಳ್ತಾನೇ ಇರುತ್ತೆ. ನೀರು ತುಂಬಿಸ್ಕೊಳ್ಳೋಕೆ, ಫೋಟೋ ತಗೊಳ್ಳೋಕೆ ಗೋಡೆ ಕೆಳಗೆ ನಿಲ್ಲೋರನ್ನ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಇಟಲಿಯ ಮಾರ್ಮೊಲಾಡಾದಲ್ಲಿ 2022ರ ಜುಲೈ 3ಕ್ಕೆ ಹೀಗೇ ಗ್ಲೇಸಿಯರ್‌ನ ಒಂದು ಭಾಗ ಕಳಚಿ 11 ಜನ ಸತ್ರು, ಅದು ದಿನಾ ಜನ ಓಡಾಡೋ ಬೇಸಿಗೆಯ ದಾರಿ. ತಪೋವನಕ್ಕೆ ಈಗ ಜಾಸ್ತಿ ಜನ ಭೋಜ್‌ಬಾಸಾದಲ್ಲೇ ಟ್ರಾಲಿಯಲ್ಲಿ ಭಾಗೀರಥಿ ದಾಟಿ ಆಚೆ ದಡದಿಂದ ಹೋಗ್ತಾರೆ. ಕೊನೆಯ ಏರು ಕಡಿದಾಗಿದೆ, ಕಲ್ಲು ಸಡಿಲ, ಹೆಲ್ಮೆಟ್ ತಗೊಂಡು ಹೋಗಿ, ಒಬ್ಬರ ಕೆಳಗೊಬ್ಬರು ನಿಲ್ಲಬೇಡಿ.

ಇನ್ನು ಮುಂದಿನ ವರ್ಷದ ಆಡೆನ್ಸ್ ಕೋಲ್, ಕಾಲಿಂದಿ ಮಾತು. ಆಡೆನ್ಸ್ ಕೋಲ್ ಸುಮಾರು 5,490 ಮೀಟರ್, ಕಾಲಿಂದಿ 5,900ಕ್ಕಿಂತ ಮೇಲೆ. ಅಲ್ಲಿ ನಿಜವಾದ ಬಿಳಿ ಗ್ಲೇಸಿಯರ್ ಇದೆ, ಹಿಮದ ಕೆಳಗೆ ಕ್ರೆವಾಸ್ (ಐಸ್‌ನ ಆಳವಾದ ಬಿರುಕು) ಅಡಗಿರುತ್ತೆ, ಮೇಲೆ ತೆಳು ಹಿಮದ ಸೇತುವೆ, ಬೆಳಗ್ಗೆ ಐದಕ್ಕೆ ಭಾರ ತಡ್ಕೊಂಡದ್ದು ಹನ್ನೊಂದಕ್ಕೆ ತಡ್ಕೊಳ್ಳಲ್ಲ. ಹಾರ್ನೆಸ್ ಹಾಕಿ, ಒಂದೇ ಹಗ್ಗಕ್ಕೆ ಮೂರ್ನಾಲ್ಕು ಜನ ಕಟ್ಕೊಂಡು, ನಡುವೆ ಹತ್ತು ಮೀಟರ್ ಆಸುಪಾಸು ಅಂತರ ಬಿಟ್ಟು, ಹಗ್ಗ ಜೋತು ಬೀಳದ ಹಾಗೆ ನಡೀಬೇಕು. ಮುಂದಿನವನು ಬಿದ್ರೆ ಹಿಂದಿನವರು ಐಸ್ ಆಕ್ಸ್ ಊರಿ ತಡೆಯೋದು, ಆಂಕರ್ ಹಾಕೋದು, ಪುಲ್ಲಿ ಕಟ್ಟಿ ಎಳೆಯೋದು, ಬಿದ್ದವನು ತಾನೇ ಹಗ್ಗಕ್ಕೆ ಬಿಗಿಯಾಗಿ ಹಿಡಿಯೋ ಪ್ರೂಸಿಕ್ ಗಂಟು ಹಾಕ್ಕೊಂಡು ಹತ್ತೋದು, ಇವೆಲ್ಲ ಕೈಗೆ ಬಂದಿರಬೇಕು. ವಿಡಿಯೋ ನೋಡಿ ಕಲಿಯೋದಲ್ಲ ಇದು. ನಿಮ್ಮಲ್ಲಿ ಇಬ್ಬರಾದ್ರೂ ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿ ಎಲ್ಲಾದ್ರೂ ಬೇಸಿಕ್ ಕೋರ್ಸ್ ಮುಗಿಸಿ, ಅದಕ್ಕೇ ಸುಮಾರು ನಾಲ್ಕು ವಾರ ಬೇಕು, ಆಮೇಲೆ ಕಾಲಿಂದಿ ಹೆಸರು ಎತ್ತಿ. ಪುಣೆಯ ಪರ್ವತಾರೋಹಣ ಸಂಸ್ಥೆ ಗಿರಿಪ್ರೇಮಿಯವರು 2012ರಲ್ಲಿ ಎವರೆಸ್ಟ್, 2019ರಲ್ಲಿ ಕಾಂಚನಜುಂಗಾ ಹತ್ತಿದ್ದು ಎಲ್ರಿಗೂ ಗೊತ್ತು, ಆದ್ರೆ ಆ ಸಂಸ್ಥೆ ಶುರುವಾದದ್ದು 1982ರಲ್ಲಿ. ಎಷ್ಟು ವರ್ಷ ಸಹ್ಯಾದ್ರಿಯ ಬಂಡೆ, ಸಣ್ಣ ಶಿಖರ ಅಂತ ಮಾಡಿದ್ರೋ ನೋಡಿ.

ವಾಸ್ಕೋ_ಬಂದರು:
ಠಾಣೆ ಅಣ್ಣಾ, ನಿಮ್ಮ ಗುಂಪಿನ ವಾಸ್ಕೋದವರಲ್ಲಿ ನಾನೂ ಒಬ್ಬ, ಇಲ್ಲೇ ಬರೀತೀನಿ. ರೆಸ್ಟ್ ಡೇ ಬೇಡ ಅಂದ ಮೂರು ಜನರಲ್ಲಿ ನಾನಿಲ್ಲ ಆದ್ರೆ ಬೇಕೇಬೇಕು ಅಂತಾನೂ ಹೇಳಿರ್ಲಿಲ್ಲ, ಇದನ್ನ ಓದಿದ ಮೇಲೆ ಬೇಕು ಅನ್ನೋ ಕಡೆ ನಾನು. ನನ್ನದು ಬೇರೆ ಎರಡು ಪ್ರಶ್ನೆ. ಇಲ್ಲಿ ಸಮುದ್ರದ ಪಕ್ಕ ಹತ್ತೋಕೆ ದೊಡ್ಡ ಗುಡ್ಡ ಇಲ್ಲ, ಶಿಫ್ಟ್ ಕೆಲಸ, ವಾರದ ದಿನ ಹೇಗೆ ತಯಾರಾಗೋದು? ಇನ್ನೊಂದು, ಅಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ ಅಂತಾರೆ, ದುಬೈನಲ್ಲಿರೋ ಭಾವ ಗಾರ್ಮಿನ್‌ನ ಸ್ಯಾಟಲೈಟ್ ಡಿವೈಸ್ ಕಳಿಸ್ತೀನಿ ಅಂತಿದಾರೆ, ತರಿಸ್ಕೊಳ್ಲಾ?

ಹಗ್ಗ_ಮತ್ತು_ಹಿಮ:
ತರಿಸ್ಲೇಬೇಡಿ! ನಮ್ಮ ದೇಶದಲ್ಲಿ ಸ್ಯಾಟಲೈಟ್ ಫೋನು, ಅಂಥ ಮೆಸೇಜ್ ಕಳಿಸೋ ಡಿವೈಸು ಲೈಸೆನ್ಸ್ ಇಲ್ದೆ ಇಟ್ಕೊಳ್ಳೋ ಹಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ನಿಮ್ಮ ಗೋವಾ ಏರ್‌ಪೋರ್ಟಲ್ಲೇ ಕೆನಡಾದ ಒಬ್ಬ ಓಟಗಾರ್ತಿಯನ್ನ ಇದೇ ಕಾರಣಕ್ಕೆ ತಡೆದು ಕೇಸ್ ಹಾಕಿದ್ರು. ಅದರ ಬದಲು ಎಲ್ಲಿ ಯಾವ ದಿನ ಇರ್ತೀರಿ, ಯಾವ ದಿನದ ಒಳಗೆ ಫೋನ್ ಬರ್ಲಿಲ್ಲ ಅಂದ್ರೆ ಯಾರಿಗೆ ತಿಳಿಸ್ಬೇಕು ಅಂತ ಮನೇಲಿ ಬರೆದು ಕೊಟ್ಟು ಹೊರಡಿ.

ಕುರ್ಲಾ_ಕುಂದಾಪ್ರ:
ತಯಾರಿ ಬಗ್ಗೆ ನಾನು ಹೇಳ್ತೇನೆ ಮಾರಾಯ್ರೆ, ನಮ್ಮ ಕುರ್ಲಾದಲ್ಲಿ ಗುಡ್ಡ ಎಲ್ಲಿ ಉಂಟು? ಬಿಲ್ಡಿಂಗ್ ಉಂಟಲ್ಲ. ಇಪ್ಪತ್ತು ಮಾಳಿಗೆಯ ಮೆಟ್ಟಿಲು ಹತ್ತುದು, ಲಿಫ್ಟಲ್ಲಿ ಇಳಿಯುದಲ್ಲ, ಇಳಿಯುದೂ ಮೆಟ್ಟಿಲಲ್ಲೇ, ಯಾಕೆ ಅಂದ್ರೆ ಮಂಡಿ ಸೋಲುದು ಇಳಿಯುವಾಗ. ಮೊದಲ ವಾರ ಬರಿಗೈಯಲ್ಲಿ, ಆಮೇಲೆ ಬ್ಯಾಗಲ್ಲಿ ನೀರಿನ ಬಾಟ್ಲಿ ತುಂಬಿಸಿ ಐದು ಕಿಲೋ, ಹೋಗುವ ತಿಂಗಳಿಗೆ ಎಂಟು ಹತ್ತು ಕಿಲೋ. ಹೋಗುವ ಶೂ ಹಾಕಿಯೇ ಮಾಡಿ, ಹೊಸ ಶೂ ನೇರ ಗಂಗೋತ್ರಿಯಲ್ಲಿ ಬಿಚ್ಚಿದ್ರೆ ಎರಡನೇ ದಿನಕ್ಕೆ ಹಿಮ್ಮಡಿ ಬೊಕ್ಕೆ. ವಾರಕ್ಕೆ ಮೂರು ದಿನ ಮಾತಾಡ್ಲಿಕ್ಕೆ ಆಗುವಷ್ಟು ನಿಧಾನದಲ್ಲಿ ಓಟ ಅಥವಾ ಸೈಕಲ್, ಒಂದು ಗಂಟೆ, ಓಡುವಾಗ ಏದುಸಿರು ಬಂದ್ರೆ ವೇಗ ಕಡಿಮೆ ಮಾಡುದು. ತಿಂಗಳಿಗೊಮ್ಮೆ ಎರಡು ದಿನ ಸಾಲಾಗಿ ಟ್ರೆಕ್, ಶನಿವಾರದ ಸುಸ್ತಿನ ಮೇಲೆ ಆದಿತ್ಯವಾರ ಮತ್ತೆ ಹತ್ತುದು, ಯಾಕೆ ಅಂದ್ರೆ ಅಲ್ಲಿ ದಿನ ಬಿಡದೆ ನಡೀಬೇಕು. ಗೋವಾದವರಿಗೆ ದೂಧ್‌ಸಾಗರ್ ಕಡೆಯ ಘಟ್ಟ ಉಂಟು, ಸತ್ತರಿ ಕಡೆ ಸೋಸೋಗಡ ಉಂಟು, ಸಾಕು.

ಚಳಿಗೆ ನಾವು ಕರಾವಳಿಯವರು ತಯಾರಾಗುದು ಕಷ್ಟ. ಎತ್ತರ ಸಾವಿರ ಮೀಟರ್ ಹೆಚ್ಚಾದ್ರೆ ಸುಮಾರು ಆರೂವರೆ ಡಿಗ್ರಿ ಕಡಿಮೆ ಆಗ್ತದೆ, ಮೇಲೆ ಗಾಳಿ. ಕಾಟನ್ ಬನಿಯನ್, ಜೀನ್ಸ್ ಮನೆಯಲ್ಲೇ ಬಿಡಿ, ಬೆವರಿಗೆ ಒದ್ದೆ ಆದ್ರೆ ಒಣಗುದಿಲ್ಲ, ಮೈ ಬಿಸಿ ಎಲ್ಲ ಎಳೀತದೆ. ಟೆಂಟ್ ಮುಟ್ಟಿದ ಕೂಡ್ಲೇ ಒಣ ಬಟ್ಟೆ, ಒಣ ಸಾಕ್ಸ್. ಕಣ್ಣಿಗೆ ಸಾದಾ ಕೂಲಿಂಗ್ ಗ್ಲಾಸ್ ಸಾಲುದಿಲ್ಲ, ಹೊಸ ಹಿಮ ಬಿಸಿಲಿನ ಅಲ್ಟ್ರಾವಯಲೆಟ್ ಎಂಬತ್ತು ಪರ್ಸೆಂಟ್ ತನಕ ವಾಪಸ್ ಎಸೀತದೆ, ಕೆಟಗರಿ 4 ಗ್ಲಾಸು, ಪಕ್ಕದಿಂದ ಬೆಳಕು ನುಗ್ಗದ್ದು ಬೇಕು. ಹಸಿವು ಆಗುದಿಲ್ಲ ಅಲ್ಲಿ, ಆದ್ರೂ ತಿನ್ನಲೇಬೇಕು, ಅವಲಕ್ಕಿ, ಚಿಕ್ಕಿ, ಗೋಡಂಬಿ, ನಿಮಗೆ ರುಚಿ ಆಗುದು ಎಂತ ಉಂಟೋ ಅದನ್ನೇ ಕಟ್ಟಿಕೊಂಡು ಹೋಗಿ.

ಡೊಂಬಿವಲಿ_ಅಮ್ಮ:
ನಾನು ಟ್ರೆಕ್ ಮಾಡೋಳಲ್ಲ, ಆದ್ರೆ ಮಗಳು ಆಫೀಸಿನವರ ಜೊತೆ ಇಂಥದ್ದೇ ಒಂದಕ್ಕೆ ಹೆಸರು ಕೊಟ್ಟಿದಾಳೆ. 2024ರ ಜೂನಲ್ಲಿ ಉತ್ತರಾಖಂಡದ ಸಹಸ್ತ್ರ ತಾಲ್‌ಗೆ ಹೋದ 22 ಜನರ ತಂಡದಲ್ಲಿ ನಮ್ಮ ಕರ್ನಾಟಕದವರು 9 ಜನ ಬಿರುಗಾಳಿ ಚಳಿಗೆ ಸಿಕ್ಕಿ ಹೋಗ್ಬಿಟ್ರಲ್ಲ, ಆ ಸುದ್ದಿ ಕೇಳಿದಾಗಿಂದ ನನಗೆ ಸಮಾಧಾನ ಇಲ್ಲ. ಬೇಡ ಅಂತ ತಡೆಯೋಕೂ ಮನಸ್ಸಿಲ್ಲ, ಅವಳ ಆಸೆ. ಕರ್ಕೊಂಡು ಹೋಗೋರನ್ನ ಏನೇನು ಕೇಳ್ಬೇಕು ಅಂತ ಯಾರಾದ್ರೂ ಹೇಳ್ತೀರಾ ಪ್ಲೀಸ್.

ಸಿಂಹಗಡ_ಸಂಡೇ:
ಅಕ್ಕಾರ, ನಿಮ್ಮ ಸಂಕಟ ಅರ್ಥ ಆಗತದ. ನಮ್ಮ ಕಡೆಯವ್ರಿಗೆ ಹಿಮ ಅಂದ ಕೂಡಲೆ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಾಗ್ತಾನ. 2016ರ ಫೆಬ್ರುವರಿಯೊಳಗ ಸಿಯಾಚಿನ್‌ದಾಗ 19,600 ಅಡಿ ಮ್ಯಾಲೆ ಹಿಮ ಕುಸಿದು ಹತ್ತು ಮಂದಿ ಸೈನಿಕರು ಒಳಗ ಹೋದ್ರು, ಆರು ದಿನ ಆದ ಮ್ಯಾಲೆ ಅವ ಒಬ್ಬಾಂವ ಜೀವಂತ ಸಿಕ್ಕ, 11ನೇ ತಾರೀಖಿಗೆ ದಿಲ್ಲಿಯೊಳಗ ತೀರಿಕೊಂಡ. ಅಷ್ಟು ತರಬೇತಿ ಆದವ್ರಿಗೂ ಹಂಗಾತು. 2022ರ ಅಕ್ಟೋಬರ್ 4ಕ್ಕ ಉತ್ತರಕಾಶಿ ಕಡೆಯ ದ್ರೌಪದಿ ಕಾ ದಾಂಡಾ ಶಿಖರದಾಗ ಹಿಮಕುಸಿತಕ್ಕ ಸಿಕ್ಕವರೂ ಪರ್ವತಾರೋಹಣ ಕಲಿಯಾಕ ಹೋದ ಮಂದಿ, ಕಲಿಸೋ ಮಂದಿ, ಸಿಗದವ್ರೂ ಸೇರಿ 29 ಜೀವ. ಹಿಂಗಾಗಿ ಯಾರರ ನಿಮಗ "ನಮ್ಮ ಜೋಡಿ ಏನೂ ಆಗಂಗಿಲ್ಲ" ಅಂದ್ರ ಅವರ ಕೂಡ ಕಳಸಬ್ಯಾಡ್ರಿ. ಆಗಬಹುದು, ಆದ್ರ ನಾವು ಇಂಥಿಂಥಾದ್ದು ಮಾಡತೇವಿ ಅನ್ನೋರ ಕೂಡ ಕಳಸ್ರಿ.

ಕೇಳಬೇಕಾದ್ದು ಇಷ್ಟ. ಪ್ರತಿ ರಾತ್ರಿ ಮಲಗೋ ಜಾಗದ ಎತ್ತರ ಎಷ್ಟು ಅಂತ ಬರದು ಕೊಡ್ರಿ ಅನ್ರಿ, ಅದನ್ನ ನೋಡಿದ್ರನ ಅರ್ಧ ಗೊತ್ತಾಗತದ. ಖಾಲಿ ದಿನ ಎಷ್ಟು ಇಟ್ಟಾರ, ಹವಾ ಕೆಟ್ಟರ ಆ ದಿನ ಎಲ್ಲಿಂದ ಬರತದ? ಒಬ್ಬರಿಗೆ ಆರಾಮ ಇಲ್ಲ ಅಂದ್ರ ಅವರ ಜೋಡಿ ಇಳಿಯಾಕ ಬ್ಯಾರೆ ಗೈಡ್ ಇದ್ದಾನೋ, ಇಲ್ಲಾ ಎಲ್ಲಾರೂ ಒಬ್ಬ ಗೈಡಿನ ಹಿಂದನೋ? ಆಕ್ಸಿಜನ್ ಸಿಲಿಂಡರ್ ಕ್ಯಾಂಪಿನಾಗ ಇರತದೋ, ಕೆಳಗ ಗಾಡಿಯೊಳಗೋ? ಇಷ್ಟು ಗಂಟೆ ಆದ್ರ ಎಲ್ಲಿದ್ರೂ ತಿರಗತೇವಿ ಅನ್ನೋ ಹೊತ್ತು ಮೊದಲ ಗೊತ್ತು ಮಾಡ್ಯಾರೋ? ಪೋರ್ಟರ್‌ಗಳಿಗೆ ಶೂ, ಜಾಕೆಟ್, ವಿಮೆ ಅದಾವೋ, ಇದನ್ನ ಕೇಳಾಕ ಮರೀಬ್ಯಾಡ್ರಿ, ತಮ್ಮ ಮಂದಿನ್ನ ನೋಡದವ್ರು ನಿಮ್ಮ ಮಗಳನ್ನ ಏನ ನೋಡತಾರ. ಹೆಲಿಕಾಪ್ಟರ್ ಬರತದ ಅನ್ನೋದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ, ಸಹಸ್ತ್ರ ತಾಲ್‌ದಾಗ ವಾಯುಸೇನೆ ಬಂದು ಮಂದಿನ್ನ ತಂದದ್ದು ಖರೆ, ಆದ್ರ ಮೋಡ ಮುಚ್ಚಿದ್ದಾಗ ಅದು ಹಾರಂಗಿಲ್ಲ, ಮತ್ತ ಜೀವ ಹೋಗೋದು ಅಂಥ ಹೊತ್ತಿನಾಗನ. 2021ರ ಅಕ್ಟೋಬರ್ ನಡುವ ಹರ್ಷಿಲ್‌ನಿಂದ ಛಿತ್ಕುಲ್‌ಗೆ ಲಾಮ್‌ಖಾಗಾ ಪಾಸ್ ದಾಟಾಕ ಹೋದವ್ರು, ಅದ ಹೊತ್ತಿಗೆ ಕುಮಾಊಂದ ಸುಂದರ್‌ಢುಂಗಾದಾಗ ಇದ್ದವ್ರು, ಎರಡೂ ಕಡೆ ಒಮ್ಮಿಂದೊಮ್ಮೆ ಬಂದ ಹಿಮಕ್ಕ ಸಿಕ್ಕು ಮಂದಿ ಸತ್ರು. ಮಳಿಗಾಲ ಮುಗೀತು ಅಂತ ಆಕಾಶ ನಂಬಾಕ ಬರಂಗಿಲ್ಲ. ಕೈಯಾಗ ಎರಡು ದಿನ ಹೆಚ್ಚಿಗೆ ಇದ್ದವರಿಗೆ ಟೆಂಟಿನಾಗ ಕೂತು ಕಾಯಾಕ ಬರತದ, ವಾಪಸ್ ಫ್ಲೈಟ್ ಟಿಕೆಟ್ ಕುತ್ತಿಗಿ ಮ್ಯಾಲೆ ಕೂತವರು ಹೊಂಡತಾರ.

ವೈದ್ಯೆ_ಔಂಧ್:
ಅಮ್ಮ, ಮಗಳಿಗೆ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತುಂಬ ಸಾಮಾನ್ಯ, ಆಕ್ಸಿಜನ್ ಕಮ್ಮಿ ಇರೋ ಕಡೆ ಅದು ನೇರ ಹೊಡೆಯುತ್ತೆ. ಎರಡು ತಿಂಗಳು ಮುಂಚೆನೇ ಗೊತ್ತಾದ್ರೆ ಸರಿ ಮಾಡ್ಕೊಳ್ಳೋಕೆ ಸಮಯ ಇರುತ್ತೆ. ಠಾಣೆಯವರ ಗುಂಪಲ್ಲಿ ನಲವತ್ತು ದಾಟಿದವರು ಬಿಪಿ, ಶುಗರ್, ಇಸಿಜಿ, ಡಾಕ್ಟ್ರು ಹೇಳಿದ್ರೆ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸ್ಕೊಳ್ಳಿ. ಮತ್ತೆ ಇನ್ನೊಂದು, ಆಕ್ಸಿಮೀಟರ್ ತಗೊಂಡು ಹೋಗಿ ಆದ್ರೆ ಅದನ್ನೇ ದೇವರು ಮಾಡ್ಕೋಬೇಡಿ, ಬೆರಳು ತಣ್ಣಗಿದ್ರೆ ತಪ್ಪು ತೋರ್ಸುತ್ತೆ, ತಪೋವನದ ಎತ್ತರದಲ್ಲಿ ಆರೋಗ್ಯವಾಗಿರೋರಿಗೂ ಎಂಬತ್ತರ ಮೇಲಷ್ಟೇ ಬರಬಹುದು. ನಂಬರ್ ಚೆನ್ನಾಗಿದೆ ಅಂತ ತಲೆನೋವು ಇರೋನನ್ನ ಮೇಲೆ ಎಳ್ಕೊಂಡು ಹೋಗಬೇಡಿ. ಪ್ರತಿ ಸಂಜೆ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳಿ, ಎಲ್ರ ಮುಂದೆ ಕೇಳಿದ್ರೆ ಯಾರೂ ನಿಜ ಹೇಳಲ್ಲ.

ಅಂಧೇರಿ_ಐಟಿ:
ಸರಿ ಡಾಕ್ಟ್ರೇ, ಸೈನ್ಯದ ಆ ಲೆಕ್ಕ ನನಗೆ ಗೊತ್ತಿರ್ಲಿಲ್ಲ. ಆ ಎತ್ತರದಲ್ಲಿ ಮಲಗೋದಾದ್ರೆ ದಿನ ಬೇಕು, ಒಪ್ತೀನಿ. ಗೋಮುಖ ಮಾತ್ರ ನೋಡಿ ಇಳಿಯೋರಿಗೆ ಇಷ್ಟು ಹೆದರಿಕೆ ಬೇಡ ಅನ್ನೋದು ಈಗ್ಲೂ ನನ್ನ ಅಭಿಪ್ರಾಯ.

ಠಾಣೆ_ಟ್ರೆಕ್ಕರ್:
ಎಲ್ರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಆರೂ ಜನ ವಿಡಿಯೋ ಕಾಲಲ್ಲಿ ಕೂತು ಇದನ್ನ ಪೂರ್ತಿ ಓದಿದ್ವಿ. ಆ ಮೂರು ಜನರಲ್ಲಿ ಇಬ್ಬರು ಒಪ್ಪಿದ್ರು, ಮಲಗೋ ಎತ್ತರದ ಲೆಕ್ಕ ನೋಡಿದ ಮೇಲೆ ವಾದ ಉಳೀಲಿಲ್ಲ. ಮೂರನೆಯವರಿಗೆ ಅಷ್ಟು ರಜಾ ನಿಜವಾಗ್ಲೂ ಸಿಗಲ್ಲ, ಅವರು ಭೋಜ್‌ಬಾಸಾ, ಗೋಮುಖ ತನಕ ಬಂದು ಒಬ್ಬ ಪೋರ್ಟರ್ ಜೊತೆ ಇಳೀತಾರೆ, ಬೇಜಾರಿಲ್ಲ ಅಂದಿದಾರೆ. ತಾರೀಖು ಮುಂದಕ್ಕೆ ಹಾಕಿ ಅಕ್ಟೋಬರ್ 2ರ ರಜಾ ಸೇರಿಸ್ಕೊಳ್ತಿದೀವಿ, ಗಂಗೋತ್ರಿ ಎರಡು ರಾತ್ರಿ, ಭೋಜ್‌ಬಾಸಾ ಎರಡು ರಾತ್ರಿ, ವಾಪಸ್ ಬರೋವಾಗ ಉತ್ತರಕಾಶಿಯಲ್ಲಿ ಒಂದು ಖಾಲಿ ದಿನ. ಭೋಜ್‌ಬಾಸಾ ಎರಡನೇ ದಿನ ಗೋಮುಖ ತನಕ ಹೋಗಿ ಬಂದು ಅಲ್ಲೇ ಮಲಗೋದು. ಕಾಲಿಂದಿ ಮಾತು ಸದ್ಯಕ್ಕೆ ಬಿಟ್ಟಿದೀವಿ, ಇಬ್ಬರು ಬೇಸಿಕ್ ಕೋರ್ಸ್‌ಗೆ ಅರ್ಜಿ ಹಾಕ್ತಾರಂತೆ. ಟೆಂಟಲ್ಲಿ ರಾತ್ರಿ ಯಾರಿಗೆ ಏನಾದ್ರೂ ಹೇಳ್ಕೊಳ್ಳೋಕೆ ಜೋಡಿ ಮಾಡಿದೀವಿ, ಒಬ್ಬರ ತಲೆನೋವಿಗೆ ಇನ್ನೊಬ್ಬರು ಜವಾಬ್ದಾರಿ.

ಹಗ್ಗ_ಮತ್ತು_ಹಿಮ:
ಒಳ್ಳೇದಾಯ್ತು. ತಾರೀಖು ಬದಲಾದ್ರೆ ಫ್ಲೈಟ್‌ಗಿಂತ ಮೊದಲು ಪರ್ಮಿಟ್ ನೋಡಿ, ಗೋಮುಖದ ಕಡೆ ದಿನಕ್ಕೆ 150 ಜನಕ್ಕೆ ಮಾತ್ರ ಬಿಡ್ತಾರೆ, ಅಕ್ಟೋಬರ್ ರಜಾ ದಿನಗಳಲ್ಲಿ ಬೇಗ ತುಂಬಿಹೋಗುತ್ತೆ. ಭೋಜ್‌ಬಾಸಾದಲ್ಲಿ ಎರಡು ರಾತ್ರಿ, ತಪೋವನದ ರಾತ್ರಿ, ಎಲ್ಲಾ ದಿನಾನೂ ಸೇರಿಸಿಯೇ ಅರ್ಜಿ ಹಾಕಿ, ತಪೋವನಕ್ಕೆ ಬೇರೆ ಅನುಮತಿ ಬೇಕು, ಅದನ್ನ ನಿಮ್ಮ ಗೈಡ್ ಉತ್ತರಕಾಶಿಯಲ್ಲಿ ಮಾಡಿಸ್ತಾನಾ ಅಂತ ಈಗಲೇ ಕೇಳಿಟ್ಕೊಳ್ಳಿ.